ಮೂವತ್ತೊಂದು ಡ

ವಿರಾಜಪೇಟೆಯಲ್ಲಿ ಆಗ ಇದ್ದದ್ದು ಒಂದೇ ಅಚ್ಚುಕೂಟ,
ಗಡಿಯಾರ ಕಂಬದಿಂದ ಇಳಿದರೆ ಎರಡನೇ ತಿರುವು,
ಒಣಮೀನಿನ ಅಂಗಡಿಗೆ ಅಂಟಿದ ಗೋಡೆ.
ಯಜಮಾನರು ಎರ್ಮು ಸಾಹೇಬರು. ಮೊಳೆ ಜೋಡಿಸುವವನು ನಾನು,
ಹದಿನಾರು ವರ್ಷ, ಉಗುರಿನ ಸಂದಿಯಲ್ಲಿ ಸೀಸ.

ಪೆಟ್ಟಿಗೆಯಲ್ಲಿ ನ, ರ, ಲ ಬೊಗಸೆ ತುಂಬ.
ಡ ಮಾತ್ರ ಮೂವತ್ತೊಂದು,
ಅದರಲ್ಲೂ ನಾಲ್ಕು ಸವೆದು ಶಾಯಿ ಹಿಡಿಯುತ್ತಿರಲಿಲ್ಲ.

ಸಾಲದೇ ಹೋದದ್ದು ಆ ಎರಡು ವರ್ಷ.
ಮೈಸೂರಿನ ಜೊತೆ ಕೂಡಲಿ ಎನ್ನುವವರು ಬೆಳಿಗ್ಗೆ ಬರುವರು,
ಬೇಡ ಎನ್ನುವವರು ದೀಪ ಹಚ್ಚಿದ ಮೇಲೆ.
ಕೂಡಲಿಗೂ ಡ ಬೇಕು, ಬೇಡಕ್ಕೂ ಡ ಬೇಕು,
ಕೊಡಗು ಎನ್ನದೆ ಇಬ್ಬರಿಗೂ ಬಾಯಿ ತೆರೆಯದು.
ಒಬ್ಬರ ಕರಪತ್ರ ಅಚ್ಚಾಗಿ, ಫಾರಂ ಬಿಚ್ಚಿ,
ಸೀಮೆಎಣ್ಣೆಯಲ್ಲಿ ತೊಳೆದು, ಅಕ್ಷರ ಮತ್ತೆ ಗೂಡು ಸೇರುವ ತನಕ
ಇನ್ನೊಬ್ಬರು ಬೆಂಚಿನ ಮೇಲೆ ಕಾಯಬೇಕು,
ಎದುರಾಳಿಯ ಡ ಒಣಗುವುದನ್ನು ನೋಡುತ್ತ.

ಕಾಯಲಾರದ ಮೇದಪ್ಪ ಮಾಸ್ತರರು ಒಂದು ಸಂಜೆ
ಸಿಟ್ಟಿನಲ್ಲಿ ಹಾಳೆಯ ಕೊಡಗನ್ನೆಲ್ಲ ಹೊಡೆದುಹಾಕಿ ಹೋದವರು
ಮಾರನೆ ದಿನ ತಂದರು:
ಮಂಜು ಮೊದಲು ಹೆಸರಿಟ್ಟ ಸೀಮೆ.
ಮರುವಾರ ಆ ಕಡೆಯಿಂದ ಬಂತು:
ಮಂಜು ಕರಗಿದ ಮೇಲೂ ಇರುವ ನೆಲ.

ಅಲ್ಲಿಂದ ಶುರು.
ಹೊಳೆಯ ತವರು.
ಕೋವಿಗೆ ಹೂವಿಟ್ಟು ಕೈಮುಗಿಯುವ ಊರು.
ಏಲಕ್ಕಿ ಸಿಪ್ಪೆಯೊಳಗಿನ ಕತ್ತಲೆ, ಅದು ಯಾರ ಆಸ್ತಿ?
ಒಂದು ಅಕ್ಷರದ ಬಡತನದಲ್ಲಿ ನಮ್ಮೂರ ಮಾತಿಗೆ ಮೈ ಬಂತು.
ಸಂತೆಗೆ ಬಂದವರು ಉಪ್ಪಿನ ಪೊಟ್ಟಣವನ್ನೂ ಬಿಡಿಸಿ ಓದಿದರು.
ಗೋಣಿಕೊಪ್ಪದಿಂದ ಒಬ್ಬ, ಬಸ್ಸಿಗೆ ಕಾಸು ಕೊಟ್ಟು,
ಈ ವಾರ ಮಂಜಿಗೆ ಏನು ಜವಾಬು ಎಂದು
ಕೇಳಿಕೊಂಡು ಹೋಗಲು ಬರುತ್ತಿದ್ದ.

ಜಗಳ ಒಳ್ಳೆಯದು ಎನ್ನುತ್ತಿಲ್ಲ ನಾನು.
ಆ ವರ್ಷ ಕೈಲ್ ಪೊಳ್ದ್‌ಗೆ ತೆಂಗಿನಕಾಯಿಗೆ ಗುರಿಯಿಡುವಾಗ
ಅಣ್ಣತಮ್ಮಂದಿರು ಬೇರೆ ಬೇರೆ ಮರಕ್ಕೆ ಕಾಯಿ ಕಟ್ಟಿದರು.
ಗೊತ್ತಾಗಿದ್ದ ಒಂದು ಮದುವೆ ಮುರಿಯಿತು; ಲಗ್ನಪತ್ರಿಕೆ
ನಾನೇ ಜೋಡಿಸಿದ್ದು, ನಾನೇ ಬಿಚ್ಚಿದ್ದು.
ನಮ್ಮ ಕಿಟಕಿಗೂ ಕಲ್ಲು ಬಿತ್ತು. ಯಾರದೆಂದು ಸಾಹೇಬರು ಕೇಳಲಿಲ್ಲ,
ಕಾಗದ ಹಾರದಂತೆ ಅದನ್ನೇ ಮೇಲಿಟ್ಟರು.

ಕೈಬರಹವನ್ನು ನನ್ನಷ್ಟು ಹತ್ತಿರದಿಂದ ಕಂಡವರಿಲ್ಲ.
ಹುತ್ತರಿಯ ಹಿಂದಿನ ರಾತ್ರಿ, ಲಾಟೀನು ಎತ್ತಿ ಹಿಡಿದಾಗ, ಕಂಡಿತು:
ಬೆಳಗಿನ ಹಾಳೆಯ ಳ, ಸಂಜೆಯ ಹಾಳೆಯ ಳ,
ಎರಡರ ಬಾಲವೂ ತೆರ್ಮೆ ಸೊಪ್ಪಿನ ಕುಡಿಯಂತೆ ಸುರುಳಿ.

ಮೇದಪ್ಪನವರ ತಂಗಿ, ಆ ಕಡೆಯ ಪಳಂಗಪ್ಪನವರ ಹೆಂಡತಿ,
ಚೋಂದವ್ವ.
ಅಣ್ಣನಿಗೂ ಗಂಡನಿಗೂ ಗಂಟಲಿತ್ತು, ಮಾತಿರಲಿಲ್ಲ.
ಒಲೆಯ ಮುಂದೆ ಕೂತು ತಾವೇ ಕೇಳಿ,
ಏಳು ದಿನ ಬಿಟ್ಟು ತಮ್ಮನ್ನೇ ಸೋಲಿಸುತ್ತಿದ್ದರು.
ನಾನು ಯಾರಿಗೂ ಹೇಳಲಿಲ್ಲ.

ಐವತ್ತಾರರ ನವೆಂಬರ್. ಕೂಡಿತು.
ಮಂಗಳೂರಿನಿಂದ ಹೊಸ ಮೊಳೆ ಬಂತು, ಡ ಇನ್ನೂರು.
ಟೆಂಡರು, ತೋಟದ ಹರಾಜು, ತಿಥಿಯ ಕಾರ್ಡು.
ಕೊಡಗು ಕೊಡಗು ಎಂದು ಎಷ್ಟು ಸಾಲು ಬೇಕಾದರೂ ಹಾಕಬಹುದಿತ್ತು,
ಅದನ್ನು ಓದಲು ಯಾರೂ ಬಸ್ಸು ಹತ್ತಲಿಲ್ಲ.

ಬಹಳ ವರ್ಷದ ಮೇಲೆ, ಸಂತೆಯಲ್ಲಿ,
ಕಳಲೆ ಆರಿಸುತ್ತ ಸಿಕ್ಕಿದರು.
‘ಗೊತ್ತಿದ್ದೂ ಸುಮ್ಮನಿದ್ದೆ, ಅಲ್ಲವಾ?’
ಎಳೆಯದೋ ಎಂದು ಉಗುರಿನಿಂದ ಒತ್ತಿ ನೋಡುತ್ತ,
‘ಹೇಳು, ಯಾರ ಮಾತು ಸರಿ ಅನ್ನಿಸಿತ್ತು ನಿನಗೆ?’

ಏನು ಹೇಳಲಿ.
ಮೊಳೆಯಲ್ಲಿ ಎಲ್ಲವೂ ಕನ್ನಡಿಯೊಳಗಿನ ಹಾಗೆ.
‘ನಾನು ಓದಿದ್ದೆಲ್ಲ ತಿರುಗುಮುರುಗು, ಚೋಂದವ್ವ.’

ನಕ್ಕರು. ಬಲಿತದ್ದೆಂದು ಅದನ್ನು ಅಲ್ಲೇ ಇಟ್ಟು
ಮುಂದಿನ ರಾಶಿಗೆ ಬಗ್ಗಿದರು.